ಮೇಲಿನ ತೋಟದ ಚೀಟಿ

ಫೆಬ್ರವರಿ ೩

ಪ್ರೀತಿಯ ಅತ್ತಿಗೆ,

ಈ ಕಾಗದವನ್ನು ಕೂತು ಓದಿ. ಒಲೆಯ ಮೇಲೆ ಏನಾದರೂ ಇದ್ದರೆ ಮೊದಲು ಇಳಿಸಿ, ಆಮೇಲೆ ಸೀದು ಹೋಯಿತು ಅಂತ ನನ್ನ ತಲೆಗೆ ಕಟ್ಟಬೇಡಿ.

ನೀವು ಬಸ್ ಕಂಡಕ್ಟರ್ ಕೈಲಿ ಕಳಿಸಿದ ಎರಡು ಕಿಲೋ ಕಾಫಿ ಬೀಜ ಮಂಗಳವಾರ ಬಂತು. ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಯಂತ್ರ ಬಿಸಿ ಮಾಡಿ ಅರ್ಧ ಕಿಲೋ ಹಾಕಿದೆ. ನಾನು ದಿನಾ ಹುರಿಯುವುದು ಹತ್ತೂರಿನ ಬೀಜ ಬೆರೆಸಿದ ರಾಶಿ. ಅದು ಹೇಗೆ ಹುರಿದರೂ ಒಂದೇ ಮುಖ ಮಾಡಿಕೊಂಡು ಕೂರುತ್ತದೆ. ಇದು ಹಾಗಲ್ಲ. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಹುರಿದ ಜೋಳದ್ದು, ಒಂಬತ್ತನೇ ನಿಮಿಷಕ್ಕೆ ಚಟಪಟ ಶುರುವಾದಾಗ ಇಡೀ ಅಂಗಡಿಯಲ್ಲಿ ಯಾರೋ ಕಿತ್ತಳೆ ಸಿಪ್ಪೆ ಕಿವುಚಿದ ಹಾಗೆ. ಪಕ್ಕದ ದರ್ಜಿ ಹೊಲಿಗೆ ಬಿಟ್ಟು ಎದ್ದು ಬಂದ. "ಏನಕ್ಕಾ, ಹಣ್ಣಿನ ವ್ಯಾಪಾರ ಶುರು ಮಾಡಿದ್ರಾ?" ಅಂದ.

ಹುರಿದ ಬೀಜ ಒಂದು ದಿನ ಆರಬೇಕು. ಆ ಒಂದು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಶುಕ್ರವಾರ ಡಬ್ಬಿ ಹಿಡಿದುಕೊಂಡು, ಕಾಫಿ ಕೊಳ್ಳುವ ಮೊದಲು ರುಚಿ ನೋಡುವ ಮನೆಗೆ ಹೋದೆ. ಅಲ್ಲಿಯ ಹಿರಿಯರನ್ನು ಎಲ್ಲರೂ ಚಮಚದ ಯಜಮಾನರು ಅನ್ನುತ್ತಾರೆ. ಅವರು ಯಾರ ಚಮಚಾನೂ ಅಲ್ಲ, ಕೈಯಲ್ಲಿ ಸದಾ ಒಂದು ಬೆಳ್ಳಿ ಚಮಚ ಇರುತ್ತದೆ ಅಷ್ಟೇ. ಮೇಜಿನ ಮೇಲೆ ಹತ್ತು ಬಟ್ಟಲು, ಯಾವುದು ಯಾರದು ಅಂತ ಬರೆದಿರುವುದಿಲ್ಲ. ಅವರು ಒಂದೊಂದರಿಂದ ಒಂದು ಚಮಚ ಸುರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಡಬ್ಬಕ್ಕೆ ಉಗುಳುತ್ತಾ ಹೋಗುತ್ತಾರೆ. ದಿನಕ್ಕೆ ನೂರು ಬಟ್ಟಲು ನೋಡುವವರು ನುಂಗಿದರೆ ಉಳಿಯುತ್ತಾರೆಯೇ?

ನಾಲ್ಕನೇ ಬಟ್ಟಲು ನಮ್ಮದು. ಅತ್ತಿಗೆ, ಅವರು ನುಂಗಿಬಿಟ್ಟರು. ಪಕ್ಕದಲ್ಲಿ ಅವರ ಮಾತು ಬರೆದುಕೊಳ್ಳುತ್ತಿದ್ದ ಹುಡುಗಿಯ ಪೆನ್ನು ನಿಂತು ಹೋಯಿತು. ಮಿಕ್ಕ ಆರನ್ನು ಮುಗಿಸಿ ಮತ್ತೆ ನಾಲ್ಕಕ್ಕೇ ಬಂದರು. ಬಿಸಿಯಲ್ಲಿ ಕಿತ್ತಳೆ, ಸ್ವಲ್ಪ ಆರಿದ ಮೇಲೆ ಜೇನು, ಪೂರ್ತಿ ಆರಿದ ಮೇಲೆ ಒಣದ್ರಾಕ್ಷಿ, ಕಹಿಯನ್ನು ಹುಡುಕಬೇಕು ಅಂದರು. "ಎಷ್ಟು ಎತ್ತರದ್ದಮ್ಮ ಇದು?" ಅಂತ ಕೇಳಿದರು. "ಮೋಡ ನಮ್ಮ ಕಾಲ ಕೆಳಗಿರತ್ತೆ ಸ್ವಾಮಿ" ಅಂದೆ. ಅಷ್ಟು ಎತ್ತರದ ತಂಪಿಗೆ ಹಣ್ಣು ನಿಧಾನವಾಗಿ ಮಾಗುತ್ತದಂತೆ, ಸಿಹಿಗೆ ಬೀಜದೊಳಗೆ ಇಳಿಯಲು ಪುರುಸೊತ್ತು ಸಿಗುತ್ತದಂತೆ.

ನಾನು ಚೀಟಿ ಬರೆದುಕೊಟ್ಟೆ: "ಮೇಲಿನ ತೋಟ. ಅಮ್ಮ ನೆಟ್ಟ ಮರಗಳು, ವಯಸ್ಸು ನಲವತ್ತೊಂದು." ಅವರು ಹಸಿ ಬೀಜವನ್ನು ಅಂಗೈ ಮೇಲೆ ಹರಡಿ, "ಮುದಿ ಮರದ ಬೀಜ ಇಷ್ಟು ದಪ್ಪ ಇರಲ್ಲವಲ್ಲ" ಅಂದರು. "ವಯಸ್ಸಾದಷ್ಟೂ ದಪ್ಪ ಆಗೋದು ನಮ್ಮ ಮನೆತನದ ಗುಣ" ಅಂದೆ. ನಕ್ಕರು.

ಈಗ ಮುಖ್ಯ ವಿಷಯ. ಮುಂದಿನ ತಿಂಗಳು ಅವರೇ ಬಂದು ಮರ ನೋಡುತ್ತಾರೆ. ಹೇಳಿದ್ದು ನಿಜವಾಗಿದ್ದರೆ ನಿಮ್ಮ ಹತ್ತಿರ ಇರುವ ನಾಲ್ಕು ಮೂಟೆಯನ್ನೂ ಬೇರೆ ಯಾವುದರ ಜೊತೆಗೂ ಬೆರೆಸದೆ, ಮೇಲಿನ ತೋಟ ಅನ್ನುವ ಹೆಸರಿನಲ್ಲೇ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ ರಾಶಿಗೆ ಸುರಿಯಬೇಕು, ಆಮೇಲೆ ಅದನ್ನು ಯಾರೂ ಹುಡುಕಲಾರರು. ಅಮ್ಮ ಹೋಗಿ ಆರು ವರ್ಷವಾದ ಮೇಲೆ ಅಮ್ಮನ ಮರಕ್ಕೆ ಹೆಸರು ಬರುತ್ತಿದೆ. ಆ ಮರಗಳಿಗೆ ಕತ್ತಿ ತಾಗಿಸಿದರೆ ಈ ಮನೆಯ ಹೊಸಿಲು ತುಳಿಯಲ್ಲ ಅಂತ ಅಣ್ಣನಿಗೆ ಹೇಳಿ ಜಗಳ ಆಡಿ ಬಂದಿದ್ದೆನಲ್ಲ, ಅಲ್ಲಿಂದ ಅವನ ಜೊತೆ ಮಾತೇ ಇಲ್ಲ, ಈಗ ಅವನಿಗೂ ಗೊತ್ತಾಗಲಿ.

ನಿಮ್ಮ ಚೂಟಿ


ಫೆಬ್ರವರಿ ೧೪

ಚೂಟಿಗೆ ಅತ್ತಿಗೆಯ ಆಶೀರ್ವಾದ.

ಕೂತೇ ಓದಿದೆ, ಎರಡು ಸಲ. ಎರಡನೇ ಸಲ ಹಟ್ಟಿಯ ಹಿಂದೆ ಹೋಗಿ ಓದಿದೆ. ನಗು ತಡೆಯಲಾಗಲಿಲ್ಲ, ನಿಮ್ಮಣ್ಣ ಕೇಳಿದರೆ ಏನು ಹೇಳಲಿ? ಈ ವಿಷಯವನ್ನು ಅವರಿಗೆ ಬೇರೆಯಾಗಿ ಬರೆಯಬೇಡ, ಫೋನೂ ಮಾಡಬೇಡ. ಫೋನು ಅವರ ಜೇಬಿನಲ್ಲೇ ಇರುತ್ತದೆ. ನನ್ನ ಹೆಸರಿಗೆ ಕಾಗದ ಹಾಕು, ಕಂಡಕ್ಟರ್ ನನ್ನ ಕೈಗೇ ಕೊಡುತ್ತಾನೆ.

ಆ ಯಜಮಾನರು ನುಂಗಿದ್ದು ಕೇಳಿ ನನ್ನ ಬೆರಳುಗಳಿಗೆ ಸಮಾಧಾನವಾಯಿತು. ಪೂರ್ತಿ ಕೆಂಪಾದ ಹಣ್ಣು ಮಾತ್ರ ಕೊಯ್ದೆವು, ನಾನು ಮತ್ತು ಪಕ್ಕದ ಮನೆಯ ಅಕ್ಕ ತಂಗಿ ಇಬ್ಬರು. ಅರೆಹಣ್ಣು ಬುಟ್ಟಿಗೆ ಬಿದ್ದರೆ ಹಾಕಿದವಳು ಒಂದು ಹಾಡು ಹೇಳಬೇಕು ಅಂತ ಕಟ್ಟು ಮಾಡಿದ್ದೆ. ತಂಗಿಯ ಗಂಟಲು ನಿನಗೆ ಗೊತ್ತು, ಒಂದೇ ಹಾಡಿಗೆ ಎಲ್ಲರ ಕೈಯೂ ನೆಟ್ಟಗಾಯಿತು. ಆವತ್ತೇ ಸಿಪ್ಪೆ ಬಿಡಿಸಿ, ನೀರಿನಲ್ಲಿ ಒಂದೂವರೆ ದಿನ ನೆನೆಹಾಕಿ, ಲೋಳೆ ಹೋಗುವವರೆಗೆ ತೊಳೆದು, ಬಲೆಯ ಮೇಲೆ ಹದಿನೆಂಟು ದಿನ ಒಣಗಿಸಿದ್ದು. ಗಂಟೆಗೊಂದು ಸಲ ಕೈಯಾಡಿಸಬೇಕು. ಮಕ್ಕಳ ತಲೆಯನ್ನೂ ನಾನು ಅಷ್ಟು ನೇವರಿಸಿರಲಿಲ್ಲ.

ರುಚಿ ಹಾಗಿದೆ ಹೀಗಿದೆ ಅಂತ ಬರೆದಿದ್ದೀಯ, ನನಗೇನು ಗೊತ್ತು. ಮೂವತ್ತು ವರ್ಷದಿಂದ ನಾವು ಕುಡಿಯುವುದು ತೊಳೆಯುವಾಗ ನೀರಿನ ಮೇಲೆ ತೇಲಿದ ಜೊಳ್ಳು. ಮುಳುಗಿದ್ದು ಮೂಟೆಗೆ, ತೇಲಿದ್ದು ಮನೆಗೆ, ನಿಮ್ಮಮ್ಮನ ಕಾಲದಿಂದ ಇದೇ ಲೆಕ್ಕ.

ಅವರು ಬರುವ ವಿಷಯ. ದಾರಿ ಸರಿಯಿಲ್ಲ ಚೂಟಿ. ಬೀಜ ನೋಡಿದ್ದಾರಲ್ಲ, ಮರ ಯಾಕೆ ನೋಡಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ. ಹೇಗಾದರೂ ಮಾಡಿ ಜೂನ್ ಒಳಗೆ ತೀರ್ಮಾನ ಮಾಡಿಸು. ಯಾಕೆ ಅಂತ ಕೇಳಬೇಡ.

ನಿನ್ನ ಅತ್ತಿಗೆ


ಫೆಬ್ರವರಿ ೨೫

ಪ್ರೀತಿಯ ಅತ್ತಿಗೆ,

ನೀವು ನಿಮ್ಮ ಕಾಫಿ ಕುಡಿದೇ ಇಲ್ಲವೇ? ಮೂವತ್ತು ವರ್ಷ? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಕೇಳಿದ್ದೆ, ಹಿತ್ತಲ ಗಿಡವನ್ನು ಮೂಸಿಯೂ ನೋಡದವರನ್ನು ಈಗಲೇ ಕಂಡದ್ದು. ನನ್ನನ್ನೂ ಅದೇ ಜೊಳ್ಳು ಕುಡಿಸಿ ಬೆಳೆಸಿದಿರಿ, ಆದರೂ ನಾನು ಕಾಫಿ ಅಂಗಡಿ ಇಟ್ಟೆ ನೋಡಿ.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ನಿಮ್ಮದೇ ಬೀಜ, ನಾನು ಹುರಿದು ದಪ್ಪಗೆ ಪುಡಿ ಮಾಡಿದ್ದು. ಹೇಳಿದ ಹಾಗೇ ಮಾಡಬೇಕು, ನಿಮ್ಮ ಕೈಚಳಕ ತೋರಿಸಬಾರದು. ನೀರು ಕುದಿ ಬಂದ ಮೇಲೆ ಇಳಿಸಿ, ಕುಣಿತ ನಿಲ್ಲುವವರೆಗೆ ಕಾಯಿರಿ. ಒಂದು ಲೋಟ ನೀರಿಗೆ ತುಂಬಿದ ಎರಡು ಚಮಚ ಪುಡಿ. ಮೊದಲು ಪುಡಿ ನೆನೆಯುವಷ್ಟೇ ನೀರು ಹಾಕಿ, ಅದು ಉಬ್ಬಿ ಉಸಿರು ಬಿಡುತ್ತದೆ, ಆಮೇಲೆ ಮಿಕ್ಕದ್ದು. ಮುಚ್ಚಿಡಿ. ಗಡಿಯಾರ ನೋಡಿ ಸರಿಯಾಗಿ ನಾಲ್ಕು ನಿಮಿಷ. ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ. ಹಾಲಿಲ್ಲ, ಸಕ್ಕರೆಯಿಲ್ಲ. ಬಿಸಿಯಲ್ಲಿ ಒಂದು ಗುಟುಕು, ಬೆಚ್ಚಗಾದಾಗ ಒಂದು, ಆರಿದ ಮೇಲೆ ಒಂದು. ಮೂರನೆಯದೇ ನಿಜವಾದದ್ದು.

ಯಜಮಾನರು ಮಾರ್ಚ್ ಇಪ್ಪತ್ತಕ್ಕೆ ಹೊರಡುತ್ತಾರೆ. ದಾರಿ ಸರಿಯಿಲ್ಲ ಅಂದಿದ್ದಕ್ಕೆ, "ಒಳ್ಳೆ ಕಾಫಿ ಯಾವತ್ತಾದ್ರೂ ಟಾರು ರಸ್ತೆ ಪಕ್ಕ ಬೆಳೆದಿದೆಯಾ?" ಅಂದರು. ನಡೆದೇ ಬರುತ್ತಾರಂತೆ. ನಾನು ಆಗಲೇ ಅಂಗಡಿಯ ಮುಂದೆ ಹೊಸ ಹಲಗೆ ಹಾಕಲು ಜಾಗ ಅಳೆದಿದ್ದೇನೆ.

ನಿಮ್ಮ ಚೂಟಿ


ಮಾರ್ಚ್ ೬

ಚೂಟಿ,

ಪೊಟ್ಟಣ ಬಂತು. ನೀನು ಹೇಳಿದ ಹಾಗೇ ಮಾಡಿದೆ, ಆದರೆ ಬರೀ ಕಪ್ಪು ನೀರು ಕುಡಿಯಲು ಮನಸ್ಸು ಬರಲಿಲ್ಲ, ಹಾಲು ಹಾಕಿ ಒಂದು ಕುದಿ ಕುದಿಸಿದೆ. ಹಾಲು ಒಡೆಯಿತು. ಬೆಕ್ಕಿಗೆ ಇಟ್ಟೆ, ಅದೂ ಮೂಸಿ ನೋಡಿ ನನ್ನ ಮುಖ ನೋಡಿತು. ಅರ್ಧ ಪೊಟ್ಟಣ ಇನ್ನೂ ಇದೆ.

ಯಜಮಾನರಿಗೆ ಈಗ ಬರಬೇಡಿ ಅಂತ ಹೇಳು. ನಾಯಿ ಹೊಸಬರನ್ನು ಕಂಡರೆ ಮೈಮೇಲೆ ಬೀಳುತ್ತದೆ. ಬಂದವರು ಮಲಗುವ ಮಂಚದ ಕಾಲು ಮುರಿದಿದೆ. ನಿಮ್ಮಣ್ಣನಿಗೆ ಮೊಣಕಾಲು ನೋವು ಹೆಚ್ಚಾಗಿದೆ, ಮನೆಗೆ ಯಾರಾದರೂ ಬಂದರೆ ರೇಗುತ್ತಾರೆ. ಮುಂದಿನ ವರ್ಷ ಬರಲಿ. ಈ ವರ್ಷ ಬೀಜ ನೋಡಿಯೇ ತೆಗೆದುಕೊಳ್ಳಲಿ.

ಅತ್ತಿಗೆ


ಮಾರ್ಚ್ ೧೩

ಮೇಲಿನ ತೋಟದ ಮಾಲೀಕರಿಗೆ,

ಮಾನ್ಯರೇ,

ತಮ್ಮ ಪತ್ರ ತಲುಪಿತು. ನಾಯಿ, ಮಂಚ ಮತ್ತು ಮೊಣಕಾಲಿನ ವಿಷಯ ತಿಳಿಯಿತು. ಆ ನಾಯಿಗೆ ಹದಿನಾಲ್ಕು ವರ್ಷ, ಹಲ್ಲಿಲ್ಲ, ಅದನ್ನು ಬುಟ್ಟಿಯಲ್ಲಿ ಹೊತ್ತು ತಂದವಳು ನಾನೇ ಎಂದು ವಿನಯದಿಂದ ತಿಳಿಸುತ್ತೇನೆ.

ಅತ್ತಿಗೆ, ನನ್ನ ಹತ್ತಿರ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡಿ. ಎರಡು ದಿನದಿಂದ ಒಂದೇ ಯೋಚನೆ. ಮುದಿ ಮರಕ್ಕೆ ಇಷ್ಟು ದಪ್ಪ ಬೀಜ ಬರಲ್ಲ ಅಂದ ಮಾತನ್ನು ನಾನು ತಮಾಷೆಯಲ್ಲಿ ತೇಲಿಸಿದೆ. ಈಗ ನೀವು ಮರ ತೋರಿಸಲು ಒಲ್ಲೆ ಅನ್ನುತ್ತೀರಿ. ಕೆಳಗಿನ ತೋಟದ ಬೀಜವನ್ನೋ, ಯಾರದೋ ಬೇರೆಯವರದನ್ನೋ ಮೇಲಿನದು ಅಂತ ಕಳಿಸಿದಿರಾ? ನನ್ನ ಕೈಯಿಂದ ಅಮ್ಮನ ಹೆಸರಿನಲ್ಲಿ ಸುಳ್ಳು ಚೀಟಿ ಬರೆಸಿದಿರಾ? ಹಾಗಿದ್ದರೆ ಈಗಲೇ ಹೇಳಿ. ಈ ವ್ಯಾಪಾರದಲ್ಲಿ ಒಂದು ಸಲ ಊರು ತಪ್ಪಾಗಿ ಹೇಳಿದವರ ಬಟ್ಟಲನ್ನು ಮತ್ತೆ ಯಾರೂ ಮುಟ್ಟುವುದಿಲ್ಲ.

ಯಜಮಾನರನ್ನು ಏಪ್ರಿಲ್ ಹತ್ತರವರೆಗೆ ತಡೆದಿದ್ದೇನೆ. ಅದಕ್ಕಿಂತ ಹೆಚ್ಚು ನನ್ನಿಂದಾಗದು.

ಇತಿ,
ಕಾಫಿ ಹುರಿಯುವ ಅಂಗಡಿಯವಳು


ಮಾರ್ಚ್ ೨೪

ಚೂಟಿ,

ಮಾನ್ಯರೇ ಅಂತ ನೀನು ಬರೆದದ್ದು ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಈಗ ನೀನು ಕೂತು ಓದು.

ಬೀಜ ಮೇಲಿನ ತೋಟದ್ದೇ. ಆದರೆ ಅಲ್ಲಿ ಅಮ್ಮ ನೆಟ್ಟ ಮರಗಳು ನೀನು ನೋಡಿದ ಹಾಗೆ ಇಲ್ಲ. ಮೂರು ವರ್ಷದ ಹಿಂದೆ, ನೀನು ಹೋದ ಮರು ಬೇಸಿಗೆಯಲ್ಲಿ, ನಿಮ್ಮಣ್ಣ ಅವನ್ನೆಲ್ಲ ಕಡಿಸಿದರು. ಇಳುವರಿ ಕುಸಿದಿತ್ತು, ಕೂಲಿಯವರು ಅಷ್ಟು ಮೇಲೆ ಹತ್ತಲು ಒಪ್ಪುತ್ತಿರಲಿಲ್ಲ. ಗರಗಸದವರು ಒಂದೇ ದಿನದಲ್ಲಿ ಮುನ್ನೂರ ಹನ್ನೆರಡು ಮರಗಳನ್ನು ಮೊಣಕಾಲೆತ್ತರಕ್ಕೆ ಇಳಿಸಿದರು. ಬುಡ ಅಗೆಯಲು ಮುಂದಿನ ವಾರ ಬರುತ್ತೇವೆ ಅಂತ ಹೋದರು. ಆ ವಾರವೇ ನಿಮ್ಮಣ್ಣ ಬಿದ್ದು ಮೊಣಕಾಲು ಮುರಿದುಕೊಂಡರು. ಅಲ್ಲಿಂದ ಅವರು ಮೇಲೆ ಹತ್ತಿಲ್ಲ, ಬುಡಗಳು ಹಾಗೇ ಉಳಿದವು.

ಆಗ ಅವರು, "ಚೂಟಿಗೆ ನೀನೇ ಬರೀ, ನನಗೆ ಧೈರ್ಯ ಇಲ್ಲ" ಅಂದರು. ಬರೆಯುತ್ತೇನೆ ಅಂದೆ. ನಿನ್ನ ಹೊಸಿಲಿನ ಮಾತು ನೆನಪಾಗಿ ಪೆನ್ನು ಮುಂದಕ್ಕೆ ಹೋಗಲಿಲ್ಲ. ಸುಳ್ಳು ಹೇಳಿಲ್ಲ, ಹೇಳಿಲ್ಲ ಅಷ್ಟೇ ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರು ತಿಂಗಳ ಮೇಲೆ ಸೌದೆ ತರಲು ಹತ್ತಿದೆ. ಒಂದೊಂದು ಬುಡದ ಸುತ್ತ ಏಳೆಂಟು ಚಿಗುರು, ಬೆರಳುದ್ದ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ನಾನು ಅಲ್ಲೇ ಕೂತುಬಿಟ್ಟೆ. ಆಮೇಲೆ ಒಂದೊಂದು ಬುಡಕ್ಕೆ ಗಟ್ಟಿಯಾದ ಒಂದೇ ಚಿಗುರು ಬಿಟ್ಟು ಮಿಕ್ಕದ್ದನ್ನು ಚಿವುಟಿದೆ. ಇನ್ನೂರ ಎಪ್ಪತ್ತು ಬದುಕಿದವು. ಮೂರು ವರ್ಷ ಸೌದೆ ನೆಪದಲ್ಲಿ ಹತ್ತಿದ್ದೇನೆ. ನಮ್ಮ ಮನೆಯಲ್ಲಿ ಸೌದೆ ಯಾಕೆ ಇಷ್ಟು ಬೇಗ ಮುಗಿಯುತ್ತದೆ ಅಂತ ನಿಮ್ಮಣ್ಣ ಎಷ್ಟೋ ಸಲ ಕೇಳಿದ್ದರು. ಬೀಜ ತೊಳೆದದ್ದು, ಒಣಗಿಸಿದ್ದು ಎಲ್ಲ ಮೇಲೆಯೇ, ಒರತೆಯ ಹತ್ತಿರ. ನಾಲ್ಕು ಮೂಟೆ ಪಕ್ಕದ ಮನೆಯ ಅಟ್ಟದಲ್ಲಿವೆ.

ಅವರಿಗೆ ಯಾಕೆ ಹೇಳಲಿಲ್ಲ ಅಂದರೆ, ಆ ಜಾಗವನ್ನು ಜೂನ್ ತಿಂಗಳಿಗೆ ಸೌದೆ ಮರ ಬೆಳೆಯುವವನಿಗೆ ಕೊಡುತ್ತೇನೆ ಅಂತ ಅವರು ಮಾತು ಕೊಟ್ಟಿದ್ದಾರೆ. ಅವನು ಬಂದರೆ ಬುಡ ಅಗೆಯುತ್ತಾನೆ. ಚಿಗುರು ತೋರಿಸಿದ್ದರೆ, ಹೋದ ಮರಕ್ಕೆ ಯಾಕೆ ಅಳ್ತೀಯ ಅನ್ನುತ್ತಿದ್ದರು. ಕೈಯಲ್ಲಿ ಬೆಳೆ ಹಿಡಿದು, ಅದಕ್ಕೆ ಒಂದು ಹೆಸರು ಹಿಡಿದು ತೋರಿಸೋಣ ಅಂದುಕೊಂಡೆ. ಅವರಿಗೆ ಮರ ಬದುಕಿದ್ದನ್ನು ಹೇಳಲಿಲ್ಲ, ನಿನಗೆ ಮರ ಕಡಿದಿದ್ದನ್ನು ಹೇಳಲಿಲ್ಲ. ನಡುವೆ ನಾನು ಒಬ್ಬಳೇ ಎರಡೂ ಕಡೆ ಬಾಗಿಲು ಹಿಡಿದು ನಿಂತಿದ್ದೆ.

ಮೊನ್ನೆ ಭಾನುವಾರ ನಿನ್ನ ಮಾನ್ಯರೇ ಕಾಗದ ಬಂತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾವುದಕ್ಕಾಗಿ ಇಷ್ಟು ಮಾಡಿದೆ ಅಂತ ಒಂದು ಸಲ ನೋಡೇಬಿಡೋಣ ಅಂತ ಉಳಿದ ಪುಡಿ ತೆಗೆದೆ. ನೀರು ಇಳಿಸಿದೆ, ಕುಣಿತ ನಿಂತಿತು, ಪುಡಿ ಉಬ್ಬಿ ಉಸಿರು ಬಿಟ್ಟಿತು. ನಾಲ್ಕು ನಿಮಿಷಕ್ಕೆ ಗಡಿಯಾರ ಬೇಕು, ಇರುವ ಒಂದು ಗಡಿಯಾರ ನಿಮ್ಮಣ್ಣನ ಕೈಯಲ್ಲಿದೆ.

"ಒಲೆ ಮುಂದೆ ಗಡಿಯಾರ ಯಾಕೆ?" ಅಂತ ಅವರೇ ಬಂದು ಕೂತರು. ಸೋಸಿ ಎರಡು ಲೋಟ ಮಾಡಿದೆ. "ಹಾಲು ಮುಗೀತಾ?" ಅಂದರು. ಸುಮ್ಮನೆ ಕುಡೀರಿ ಅಂದೆ. ಮೊದಲ ಗುಟುಕಿಗೆ ಮುಖ ಸಿಂಡರಿಸಿದರು. ಎರಡನೆಯದಕ್ಕೆ ಸಿಂಡರಿಸಲಿಲ್ಲ. ಕಿತ್ತಳೆ, ಜೇನು ಅಂತ ನೀನು ಬರೆದಿದ್ದೆಯಲ್ಲ, ನಾನು ನಂಬಿರಲಿಲ್ಲ ಚೂಟಿ. ಇದೆ. ನನ್ನ ಕೈಯಲ್ಲೇ ಇಷ್ಟು ದಿನ ಇತ್ತು, ನನಗೇ ಗೊತ್ತಿರಲಿಲ್ಲ.

ಆರಿದ ಮೇಲೆ ಅವರು ಮೂರನೇ ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. "ಕೊಯ್ಲಲ್ಲಿ ಅಮ್ಮ ಒಂದು ಹಣ್ಣು ಬಿಡಿಸಿ ಬಾಯಿಗೆ ಹಾಕ್ತಿದ್ಲು. ಅದೇ ಸಿಹಿ ಇದು. ಯಾವ ತೋಟದ್ದೇ?" ಅಂದರು.

"ನೀವು ಕಡಿಸಿದ್ದು" ಅಂದೆ.

ಲೋಟ ಕೆಳಗಿಟ್ಟು, ಕೋಲು ತೆಗೆದುಕೊಂಡು ಎದ್ದರು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ನಾನು ಹಿಂದೆಯೇ ಹೋದೆ, ಕೈ ಹಿಡಿಯಲು ಬಿಡಲಿಲ್ಲ. ಮೇಲೆ ಹೋಗಿ ಒಂದೊಂದೇ ಬುಡದ ಹತ್ತಿರ ನಿಂತರು. ಗರಗಸ ಹೋದ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಇಳಿಯುವಾಗ ಒಂದೇ ಮಾತು: "ಚೂಟಿಗೆ ಬರೀ. ಮೂರು ವರ್ಷ ನನ್ನ ಮೇಲೆ ಸಿಟ್ಟಲ್ಲಿದಾಳೆ, ಒಂದು ಫೋನೂ ಮಾಡಿಲ್ಲ."

ಅವಳಿಗೆ ಗೊತ್ತೇ ಇಲ್ಲ, ನಾನು ಬರೆಯಲೇ ಇಲ್ಲ ಅಂತ ದಾರಿಯ ಮಧ್ಯೆ ನಿಂತು ಹೇಳಿದೆ. ಅವರು ಕೋಲು ಊರಿಕೊಂಡು ಇಳಿಯುತ್ತಾ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ನೀನುಂಟು, ನಿನ್ನ ಹೊಸಿಲುಂಟು. ನಿನ್ನ ಚೀಟಿ ಸುಳ್ಳಾದದ್ದು ನನ್ನಿಂದ. ಯಜಮಾನರಿಗೆ ಹಾಗೇ ಹೇಳು.

ಅತ್ತಿಗೆ


ಏಪ್ರಿಲ್ ೨

ಅತ್ತಿಗೆ,

ಮೊದಲ ದಿನ ಅಂಗಡಿ ತೆಗೆಯಲಿಲ್ಲ, ಅತ್ತುಬಿಟ್ಟೆ. ಎರಡನೇ ದಿನ ತೆಗೆದೆ, ಯಂತ್ರಕ್ಕೆ ಹಾಕಿದ ಬೀಜವನ್ನೆಲ್ಲ ಸುಟ್ಟು ಇದ್ದಿಲು ಮಾಡಿದೆ. ನಿಮ್ಮ ಮೇಲೆ ಕೋಪ ಇದೆ. ಅಣ್ಣನ ಮೇಲೆ ಅದಕ್ಕಿಂತ ಹೆಚ್ಚು ಇದೆ. ಆದರೆ ಎರಡರ ಮಧ್ಯೆ ಆ ಇನ್ನೂರ ಎಪ್ಪತ್ತು ಚಿಗುರು ಬಂದು ನಿಂತುಕೊಳ್ಳುತ್ತವೆ, ಆಗ ಯಾರನ್ನೂ ಬೈಯಲು ಬಾಯಿ ಬರುವುದಿಲ್ಲ. ನೀವು ನನ್ನನ್ನು ನಂಬಿ ಹೇಳಬೇಕಿತ್ತು. ಹೊಸಿಲಿನ ಮಾತು ಆಡಿದ್ದು ಇಪ್ಪತ್ತೆಂಟು ವರ್ಷದ ಹುಡುಗಿ. ಅದನ್ನು ನೀವು ಕಲ್ಲಿನ ಮೇಲೆ ಕೆತ್ತಿಕೊಂಡು ಕೂತಿರಿ.

ಮೂರನೇ ದಿನ ಯಜಮಾನರ ಹತ್ತಿರ ಹೋಗಿ, ನನ್ನ ಚೀಟಿ ತಪ್ಪು ಅಂತ ನಾನೇ ಹೇಳಿದೆ. ಬಾಗಿಲು ತೋರಿಸುತ್ತಾರೆ ಅಂತಲೇ ಹೋಗಿದ್ದೆ. ನಿಮ್ಮ ಕಾಗದವನ್ನು ಪೂರ್ತಿ ಓದಿ ಹೇಳಿದೆ, ಬೆಕ್ಕಿನ ಕಥೆಯನ್ನೂ ಸೇರಿಸಿದೆ. ಅವರು ಚಮಚ ಕೆಳಗಿಟ್ಟರು. ಅದನ್ನು ಕೆಳಗಿಟ್ಟಿದ್ದು ನಾನು ನೋಡಿದ್ದು ಅದೇ ಮೊದಲು. "ಬೇರು ನಲವತ್ತೊಂದು, ಕೊಂಬೆ ಮೂರು. ಅದಕ್ಕೇ ಬೀಜ ದಪ್ಪ. ನಾನು ಆವತ್ತೇ ಕೇಳಿದ್ನಲ್ಲ, ನೀನು ಮನೆತನ ಅಂದೆ" ಅಂತ ನಕ್ಕರು. ಆಮೇಲೆ ಗಂಭೀರವಾಗಿ, ಮರ ನೋಡಿಯೇ ತೀರ್ಮಾನ, ಜಾಗ ಜೂನ್ ಆದ ಮೇಲೂ ಇರುತ್ತದೆ ಅಂತ ಅಣ್ಣನ ಬಾಯಿಂದಲೇ ಕೇಳಬೇಕು ಅಂದರು. ಒಂದು ವರ್ಷಕ್ಕೆ ಮುಗಿದು ಹೋಗುವ ಹೆಸರನ್ನು ಅವರು ತಮ್ಮ ಮಾರಾಟದ ಪಟ್ಟಿಗೆ ಏರಿಸುವುದಿಲ್ಲ.

ಹತ್ತನೇ ತಾರೀಕು ಬರುತ್ತಾರೆ. ನಾನು ಬರುವುದಿಲ್ಲ. ಈಗ ಬಂದರೆ ಅಣ್ಣನ ಜೊತೆ ಜಗಳ ಆಡಿ ಎಲ್ಲ ಕೆಡಿಸುತ್ತೇನೆ. ಆರಿದ ಮೇಲೆ ಬರುತ್ತೇನೆ, ಮೂರನೇ ಗುಟುಕಿಗೆ.

ಹೊಸ ಚೀಟಿ ಬರೆದಿದ್ದೇನೆ, ನೋಡಿ:

"ಮೇಲಿನ ತೋಟ. ಅತ್ತೆ ನೆಟ್ಟದ್ದು, ಸೊಸೆ ಉಳಿಸಿದ್ದು."

ನಿಮ್ಮ ಚೂಟಿ


ಏಪ್ರಿಲ್ ೧೩

ಚೂಟಿ,

ಬಂದರು, ನೋಡಿದರು, ನಿನ್ನೆ ಹೋದರು. ಮಂಚದ ಕಾಲು ನಿಜವಾಗಿಯೂ ಮುರಿದಿತ್ತು, ನಿಮ್ಮಣ್ಣ ಕೂತು ಸರಿ ಮಾಡಿದರು. ನಾಯಿ ಅವರ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿ ನನ್ನ ಮಾನ ಕಳೆಯಿತು.

ಮೇಲೆ ಕರೆದುಕೊಂಡು ಹೋದವರು ನಿಮ್ಮಣ್ಣನೇ. ನಾನು ಮಾತಿಗೆ ಬಾಯಿ ತೆಗೆಯುವ ಮೊದಲೇ, "ಇವನ್ನ ಕಡಿಸಿದ್ದು ನಾನು" ಅಂತ ಅವರೇ ಹೇಳಿಬಿಟ್ಟರು. ಹೊಸ ಜಾಗಕ್ಕೆ ಬಂದವರಿಗೆ ಮನೆ ತೋರಿಸುವ ಹಾಗೆ ಒಂದೊಂದು ಬುಡವನ್ನೂ ತೋರಿಸಿದರು. ನೀರು ಎಲ್ಲಿಂದ, ಬಿಸಿಲು ಯಾವಾಗ, ಯಾವ ಬುಡ ಚಿಗುರಲಿಲ್ಲ, ಎಲ್ಲ. ಹದಿನೈದು ದಿನದಿಂದ ದಿನಾ ಹತ್ತುತ್ತಿದ್ದಾರೆ, ಈಗ ಒಂದೂವರೆ ಗಂಟೆ ಸಾಕು. ಸೌದೆ ಮರದವನಿಗೆ ಕಳೆದ ಸೋಮವಾರವೇ ಬೇಡ ಅಂದಿದ್ದರಂತೆ, ನನಗೆ ಹೇಳಿರಲಿಲ್ಲ. ಮುಚ್ಚಿಡುವುದನ್ನು ನನ್ನಿಂದಲೇ ಕಲಿತಿರಬೇಕು.

ಯಜಮಾನರು ಹೂವು ಬಿಟ್ಟ ಒಂದು ರೆಂಬೆಯ ಕೆಳಗೆ ಕೂತು, ಹೆಸರು ಪಟ್ಟಿಗೆ ಏರಿತು ಅಂದರು. ನಾಲ್ಕು ಮೂಟೆಯೂ ಹೋಗುತ್ತದೆ. ಸ್ವಲ್ಪ ತಾಳು, ನಾಲ್ಕಲ್ಲ, ಮೂರು ಮುಕ್ಕಾಲು. ಒಂದು ದೊಡ್ಡ ಡಬ್ಬಿ ತುಂಬ ನಾನು ಮನೆಗೆ ಎತ್ತಿಟ್ಟುಕೊಂಡೆ, ಮುಳುಗಿದ್ದರಲ್ಲೇ. ಕೇಳದೆ ತೆಗೆದೆ, ಬೈದುಕೋ. ಇನ್ನು ಮೇಲೆ ಜೊಳ್ಳು ಬೆಕ್ಕೂ ಕುಡಿಯುವುದಿಲ್ಲ.

ನಿನ್ನ ಚೀಟಿಯನ್ನು ನಿಮ್ಮಣ್ಣನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, ಪೆನ್ನು ಕೊಡು ಅಂದರು. ಕೆಳಗಿರುವುದು ಅವರ ಅಕ್ಷರ.

ನಿನ್ನ ಅತ್ತಿಗೆ

ಚೂಟಿ, ಚೀಟಿಯಲ್ಲಿ ನಡುವೆ ಒಂದು ಸಾಲು ಬಿಟ್ಟಿದ್ದೀಯ. ಅತ್ತೆ ನೆಟ್ಟದ್ದು, ಮಗ ಕಡಿಸಿದ್ದು, ಸೊಸೆ ಉಳಿಸಿದ್ದು ಅಂತ ಪೂರ್ತಿ ಹಾಕು. ಕುಡಿಯುವವರು ನನ್ನನ್ನು ಬೈದುಕೊಂಡೇ ಕುಡಿಯಲಿ, ಅದರಿಂದ ರುಚಿ ಕೆಡುವುದಿಲ್ಲ. ನಿನ್ನ ಲೋಟ ತೊಳೆದಿಟ್ಟಿದ್ದೇನೆ. ಅಣ್ಣ.